ಸಭೆಯನ್ನು ‘ಚೇರ್ ಮಾಡುವುದು’ ಎಂದರೆ



ನಮ್ಮ ಸಭೆಗಳಿಗೆ ಒಂದು ಇಂಗ್ಲಿಷ್ ಮಾತು ಬಂದು ಸೇರಿಕೊಂಡಿದೆ. ತರಬೇತಿ ಕೊಡಲು ಬರುವವರು, ಬ್ಯಾಂಕಿನವರು, ತಾಲ್ಲೂಕು ಕಚೇರಿಯವರು ಅದನ್ನು ಧಾರಾಳವಾಗಿ ಬಳಸುತ್ತಾರೆ. ‘ಇವತ್ತಿನ ಮೀಟಿಂಗ್ ಯಾರು ಚೇರ್ ಮಾಡ್ತೀರಮ್ಮ?’ ಎಂದು ಕೇಳುತ್ತಾರೆ. ಕೇಳಿದ ಕೂಡಲೇ ನಮ್ಮ ಹೆಣ್ಣುಮಕ್ಕಳು ಏನು ಮಾಡುತ್ತಾರೆ? ಎದ್ದುಹೋಗಿ ಪಕ್ಕದ ಮನೆಯಿಂದ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಹಾಕುತ್ತಾರೆ! ಅದರ ಮೇಲೆ ಪ್ರತಿನಿಧಿಯನ್ನು ಕೂರಿಸುತ್ತಾರೆ. ಅಲ್ಲಿಯವರೆಗೆ ಜಮಖಾನದ ಮೇಲೆ ಎಲ್ಲರ ಜೊತೆ ಕುಳಿತಿದ್ದ ಆಕೆ ಈಗ ಎಲ್ಲರಿಗಿಂತ ಒಂದೂವರೆ ಅಡಿ ಮೇಲಾಗುತ್ತಾಳೆ. ಮಾತು ಅಲ್ಲಿಂದ ಕೆಳಗೆ ಇಳಿಯಲು ಶುರುವಾಗುತ್ತದೆ.

ಇದನ್ನು ನೋಡಿ ನಗುವುದು ಸುಲಭ. ಆದರೆ ನಮ್ಮವರು ಮಾಡಿದ್ದರಲ್ಲಿ ಒಂದು ಸತ್ಯವಿದೆ. ಆ ಮಾತನ್ನು ಬಳಸುವ ದೊಡ್ಡವರೂ ಬಹಳಷ್ಟು ಸಲ ಅದನ್ನು ಕುರ್ಚಿಯೆಂದೇ ತಿಳಿದಿದ್ದಾರೆ. ಅದು ಒಂದು ಕ್ರಿಯಾಪದ, ಮಾಡಬೇಕಾದ ಕೆಲಸದ ಹೆಸರು ಎಂಬುದು ಅವರಿಗೂ ಮರೆತುಹೋಗಿದೆ. ಶಾಸನಸಭೆಯಿಂದ ಹಿಡಿದು ಊರಿನ ದೇವಸ್ಥಾನ ಸಮಿತಿಯವರೆಗೆ ಕುರ್ಚಿಗಾಗಿ ನಡೆಯುವ ಜಗಳವನ್ನು ನೋಡಿದರೆ ಇದು ತಿಳಿಯುತ್ತದೆ. ಕುರ್ಚಿ ಸಿಕ್ಕ ಮೇಲೆ ಮಾಡಬೇಕಾದ ಕೆಲಸದ ಬಗ್ಗೆ ಯಾರೂ ಜಗಳವಾಡುವುದಿಲ್ಲ.

ಈ ಪತ್ರಿಕೆ ವರದಕ್ಷಿಣೆ ಮತ್ತು ಮನೆಯೊಳಗಿನ ಹಿಂಸೆಯ ಬಗ್ಗೆ ಮಾತನಾಡುವ ಪತ್ರಿಕೆ. ಇಲ್ಲಿ ಇಂಗ್ಲಿಷ್ ವ್ಯಾಕರಣ ಏಕೆ ಎಂದು ನೀವು ಕೇಳಬಹುದು. ಪೆಟ್ಟು ತಿಂದ ಹೆಣ್ಣೊಬ್ಬಳು ತನ್ನ ಸಂಘದ ಸಭೆಗೆ ಬಂದು ಕುಳಿತಾಗ, ಆಕೆಯ ಬಾಯಿ ತೆರೆಯುವುದೋ ಮುಚ್ಚಿಯೇ ಇರುವುದೋ ಎಂಬುದನ್ನು ಆ ದಿನ ಸಭೆ ನಡೆಸುತ್ತಿರುವವಳು ನಿರ್ಧರಿಸುತ್ತಾಳೆ. ಅದಕ್ಕಾಗಿಯೇ ಈ ಮಾತನ್ನು ಬಿಡಿಸಿ ನೋಡಬೇಕಾಗಿದೆ.

ಮಾತಿನ ಹಿಂದಿನ ಕಥೆ

‘ಚೇರ್’ ಎಂಬ ಪದದ ಮೂಲ ಗ್ರೀಕ್ ಭಾಷೆಯ ‘ಕಥೆದ್ರ’. ಕುಳಿತುಕೊಳ್ಳುವ ಪೀಠ ಎಂದು ಅದರ ಅರ್ಥ. ಕ್ರೈಸ್ತ ಧರ್ಮಗುರುವಿನ ಪೀಠಕ್ಕೂ ಅದೇ ಹೆಸರಿತ್ತು. ಆ ಪೀಠವಿರುವ ಚರ್ಚೇ ಕೆಥೀಡ್ರಲ್ ಆಯಿತು. ಮನೆಯವರೆಲ್ಲ ನೆಲದಲ್ಲೋ ಬೆಂಚಿನಲ್ಲೋ ಕೂರುತ್ತಿದ್ದ ಕಾಲದಲ್ಲಿ ಒರಗಲು ಬೆನ್ನಿರುವ ಕುರ್ಚಿ ದೊಡ್ಡವರಿಗೆ ಮೀಸಲು. 17ನೇ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ಸಭೆ ನಡೆಸುವ ಗಂಡಸಿಗೆ ‘ಚೇರ್ಮನ್’ ಎಂಬ ಹೆಸರು ಬಂತು. ಆ ಶತಮಾನದಲ್ಲೇ ಆ ಸ್ಥಾನದಲ್ಲಿ ಕುಳಿತವರನ್ನು ಬರಿದೇ ‘ಚೇರ್’ ಎಂದು ಕರೆಯುವುದೂ ಬಂತು.

ಕ್ರಿಯಾಪದದ ಕಥೆ ಇನ್ನೂ ಸ್ವಾರಸ್ಯದ್ದು. 18ನೇ ಶತಮಾನದ ಇಂಗ್ಲೆಂಡಿನಲ್ಲಿ ಒಬ್ಬನನ್ನು ‘ಚೇರ್ ಮಾಡುವುದು’ ಎಂದರೆ, ಚುನಾವಣೆಯಲ್ಲಿ ಗೆದ್ದವನನ್ನು ಕುರ್ಚಿಯಲ್ಲಿ ಕೂರಿಸಿ, ಹೆಗಲ ಮೇಲೆ ಹೊತ್ತು, ಬೀದಿಯಲ್ಲಿ ಮೆರವಣಿಗೆ ಮಾಡುವುದು. ವಿಲಿಯಂ ಹೋಗಾರ್ತ್ ಎಂಬ ಚಿತ್ರಕಾರ 1755ರ ಸುಮಾರಿಗೆ ಇಂಥದೊಂದು ಮೆರವಣಿಗೆಯನ್ನು ಚಿತ್ರಿಸಿದ್ದಾನೆ. ಚಿತ್ರದಲ್ಲಿ ಕೆಳಗೆ ಹೊಡೆದಾಟ, ಹಂದಿಗಳ ಓಟ. ಮೇಲೆ ಗೆದ್ದ ಅಭ್ಯರ್ಥಿ ಕುರ್ಚಿಯ ಸಮೇತ ವಾಲಿ ಇನ್ನೇನು ಬೀಳುವಂತಿದ್ದಾನೆ. ಆ ಚುನಾವಣೆಯಲ್ಲಿ ಹೆಂಗಸರಿಗೆ ಮತವಿರಲಿಲ್ಲ ಎಂಬುದನ್ನು ಬೇರೆ ಹೇಳಬೇಕಿಲ್ಲ. ಸಭೆಯನ್ನು ನಡೆಸುವುದು ಎಂಬ ಅರ್ಥದಲ್ಲಿ ‘ಚೇರ್’ ಕ್ರಿಯಾಪದವಾಗಿ ಬಳಕೆಗೆ ಬಂದದ್ದು 20ನೇ ಶತಮಾನದಲ್ಲಿ.

ಅಂದರೆ ಆ ಪದಕ್ಕೆ ಎರಡು ಅರ್ಥಗಳು. ಹಳೆಯದರಲ್ಲಿ ಜನ ಒಬ್ಬನನ್ನು ಹೊರುತ್ತಾರೆ. ಹೊಸದರಲ್ಲಿ ಒಬ್ಬಳು ಜನರಿಗಾಗಿ ದುಡಿಯುತ್ತಾಳೆ. ನಮ್ಮ ಸಭೆ ಸಮಾರಂಭಗಳನ್ನು ನೋಡಿ, ಯಾವ ಅರ್ಥ ನಡೆಯುತ್ತಿದೆ? ಹಾರ, ಶಾಲು, ಹಣ್ಣಿನ ಬುಟ್ಟಿ, ಕೊನೆಯಲ್ಲಿ ಎಲ್ಲರೂ ಎದ್ದುಹೋದ ಮೇಲೆ ಉದ್ದನೆಯ ಅಧ್ಯಕ್ಷ ಭಾಷಣ. ಇಂಗ್ಲಿಷರೇ ಬಿಟ್ಟ ಹಳೆಯ ಅರ್ಥವನ್ನು ನಾವು ಜೋಪಾನವಾಗಿ ಕಾಪಾಡಿಕೊಂಡು ಬಂದಿದ್ದೇವೆ!

‘ಚೇರ್ಮನ್’ನಲ್ಲಿರುವ ಗಂಡಸನ್ನು ಇಳಿಸಲು 1970ರ ದಶಕದ ಮಹಿಳಾ ಚಳವಳಿ ಹೋರಾಡಬೇಕಾಯಿತು. ‘ಚೇರ್ಪರ್ಸನ್’ ಎಂಬ ಪದ ಆಗ ಬಂತು. ನಮ್ಮ ದೇಶದ ಕಾನೂನಿನ ಪುಸ್ತಕಗಳಲ್ಲೂ ಈ ಬದಲಾವಣೆಯ ಗುರುತಿದೆ. 1950ರ ಸಂವಿಧಾನದ ಇಂಗ್ಲಿಷ್ ಪಠ್ಯದಲ್ಲಿ ರಾಜ್ಯಸಭೆಯನ್ನು ನಡೆಸುವವರು ‘ಚೇರ್ಮನ್’. 1990ರ ರಾಷ್ಟ್ರೀಯ ಮಹಿಳಾ ಆಯೋಗದ ಕಾಯ್ದೆಯಲ್ಲಿ ‘ಚೇರ್ಪರ್ಸನ್’. 73ನೇ ತಿದ್ದುಪಡಿಯಿಂದ 1993ರಲ್ಲಿ ಸಂವಿಧಾನಕ್ಕೆ ಸೇರಿದ ಪಂಚಾಯಿತಿ ಭಾಗದಲ್ಲೂ ‘ಚೇರ್ಪರ್ಸನ್’. ಒಂದೇ ಸಂವಿಧಾನದಲ್ಲಿ ಎರಡು ಪದಗಳು. ನಡುವೆ 43 ವರ್ಷಗಳ ಹೆಣ್ಣುಮಕ್ಕಳ ಹೋರಾಟ.

ನಮ್ಮ ಪದಗಳು ಏನು ಹೇಳುತ್ತವೆ?

ಇಂಗ್ಲಿಷಿನ ಪದದಲ್ಲಿ ಗಂಡಸು ಕುಳಿತಿದ್ದರೆ ನಮ್ಮ ಪದಗಳಲ್ಲಿ ಯಾರಿದ್ದಾರೆ? ಕರ್ನಾಟಕದ ವಿಧಾನ ಪರಿಷತ್ತನ್ನು ನಡೆಸುವವರನ್ನು ‘ಸಭಾಪತಿ’ ಎನ್ನುತ್ತೇವೆ. ಪತಿ ಎಂದರೆ ಒಡೆಯ, ಗಂಡ. ಮನೆಗೊಬ್ಬ ಪತಿ ಸಾಲದೆಂದು ಸಭೆಗೂ ಒಬ್ಬ ಪತಿ!

‘ಅಧ್ಯಕ್ಷ’ ಎಂಬ ಪದ ಇದಕ್ಕಿಂತ ವಾಸಿ. ಅದರಲ್ಲಿರುವ ‘ಅಕ್ಷ’ ಎಂದರೆ ಕಣ್ಣು. ಮೇಲೆ ಕಣ್ಣಿಟ್ಟು ನೋಡಿಕೊಳ್ಳುವವರು ಅಧ್ಯಕ್ಷರು. ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದ ತುಂಬ ಇಂಥ ಅಧ್ಯಕ್ಷರೇ ಇದ್ದಾರೆ. ಅವರಲ್ಲಿ ಒಬ್ಬ ಸೂತ್ರಾಧ್ಯಕ್ಷ, ನೂಲಿನ ಕೆಲಸದ ಮೇಲ್ವಿಚಾರಕ. ವಿಧವೆಯರಿಗೆ, ಅಂಗವಿಕಲ ಹೆಣ್ಣುಮಕ್ಕಳಿಗೆ, ದಿಕ್ಕಿಲ್ಲದವರಿಗೆ ನೂಲುವ ಕೆಲಸ ಕೊಟ್ಟು ಕೂಲಿ ಹಂಚುವುದು ಅವನ ಹೊಣೆ. ನೂಲು ಒಪ್ಪಿಸಲು ಬಂದ ಹೆಣ್ಣಿನ ಮುಖವನ್ನು ಅವನು ದಿಟ್ಟಿಸಿ ನೋಡಿದರೆ, ಕೆಲಸ ಬಿಟ್ಟು ಬೇರೆ ಮಾತು ಆಡಿದರೆ ಅವನಿಗೆ ದಂಡ ಎಂದು ಅಲ್ಲೇ ಬರೆದಿದೆ. ಕೂಲಿ ಕೊಡಲು ತಡಮಾಡಿದರೂ ದಂಡ. ಅರ್ಥಶಾಸ್ತ್ರ ಹೆಣ್ಣಿನ ಪರವಾದ ಗ್ರಂಥವೆಂದು ನಾನು ಹೇಳುತ್ತಿಲ್ಲ. ಆದರೆ ಅಧ್ಯಕ್ಷನ ಕಣ್ಣಿಗೂ ಕಡಿವಾಣ ಬೇಕು ಎಂಬುದು ಎರಡು ಸಾವಿರ ವರ್ಷದ ಹಿಂದಿನ ಆಡಳಿತಕ್ಕೂ ಗೊತ್ತಿತ್ತು.

1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆಯ ಇಂಗ್ಲಿಷ್ ಪಠ್ಯದಲ್ಲೂ ‘ಅಧ್ಯಕ್ಷ’, ‘ಉಪಾಧ್ಯಕ್ಷ’ ಎಂಬ ನಮ್ಮ ಪದಗಳನ್ನೇ ಇಟ್ಟಿದ್ದಾರೆ. ಕಾಯ್ದೆಯ ಮಟ್ಟಿಗೆ ಹೆಣ್ಣಿಗೂ ಗಂಡಿಗೂ ಅದೊಂದೇ ಪದ.

ಈ ಸ್ಥಾನಕ್ಕೆ ಬರಲು ನಮ್ಮ ಹೆಣ್ಣುಮಕ್ಕಳು ಎಷ್ಟು ಕಾಯಬೇಕಾಯಿತು! ಕನ್ನಡ ಸಾಹಿತ್ಯ ಸಮ್ಮೇಳನ ಮೊದಲು ಸೇರಿದ್ದು 1915ರಲ್ಲಿ. ಮೊದಲ ಮಹಿಳೆ ಅದರ ಅಧ್ಯಕ್ಷತೆ ವಹಿಸಿದ್ದು 1974ರಲ್ಲಿ, ಮಂಡ್ಯದಲ್ಲಿ; ಅವರು ಜಯದೇವಿತಾಯಿ ಲಿಗಾಡೆ. 2024ರ ಡಿಸೆಂಬರಿನಲ್ಲಿ ಅದೇ ಮಂಡ್ಯದಲ್ಲಿ 87ನೇ ಸಮ್ಮೇಳನ ಮುಗಿಯುವ ಹೊತ್ತಿಗೆ ಅಧ್ಯಕ್ಷ ಪೀಠಕ್ಕೆ ಬಂದ ಮಹಿಳೆಯರು ಒಟ್ಟು ನಾಲ್ವರು. ಲಿಗಾಡೆಯವರ ನಂತರ ಶಾಂತಾದೇವಿ ಮಾಳವಾಡ, ಕಮಲಾ ಹಂಪನಾ, ಗೀತಾ ನಾಗಭೂಷಣ. ನಮ್ಮ ವಿಧಾನಸಭೆಯಲ್ಲಿ ಕೆ.ಎಸ್. ನಾಗರತ್ನಮ್ಮ 1972ರಿಂದ 1978ರವರೆಗೆ ಸಭಾಧ್ಯಕ್ಷರಾಗಿದ್ದರು. ಲೋಕಸಭೆಗೆ ಮೊದಲ ಮಹಿಳಾ ಸ್ಪೀಕರ್, ಮೀರಾ ಕುಮಾರ್, ಬಂದದ್ದು 2009ರಲ್ಲಿ.

ಹಳ್ಳಿಯಲ್ಲಿ ಬಾಗಿಲು ಬೇಗ ತೆರೆಯಿತು. 1983ರ ರಾಜ್ಯ ಕಾಯ್ದೆಯಂತೆ 1987ರಲ್ಲಿ ನಡೆದ ಚುನಾವಣೆಯಲ್ಲಿ ಮಹಿಳೆಯರಿಗೆ ಶೇಕಡ 25 ಮೀಸಲಾತಿ ಇತ್ತು. 73ನೇ ತಿದ್ದುಪಡಿ ದೇಶಕ್ಕೆಲ್ಲ ಮೂರನೇ ಒಂದು ಭಾಗವನ್ನು ಕೊಟ್ಟಿತು, ಸದಸ್ಯತ್ವದಲ್ಲಷ್ಟೇ ಅಲ್ಲದೆ ಅಧ್ಯಕ್ಷ ಸ್ಥಾನಗಳಲ್ಲೂ. ಮುಂದೆ ಕರ್ನಾಟಕದಲ್ಲಿ ಅದು ಅರ್ಧಕ್ಕೆ ಏರಿತು. ಕುರ್ಚಿ ಬಂತು. ಕ್ರಿಯಾಪದ ಬಂತೆ?

ಎಷ್ಟೋ ಊರುಗಳಲ್ಲಿ ಕುರ್ಚಿ ಹೆಂಡತಿಯದು, ಚೇರ್ ಮಾಡುವುದು ಗಂಡ. ಅವನನ್ನು ಊರೇ ‘ಅಧ್ಯಕ್ಷರು’ ಎಂದು ಕರೆಯುತ್ತದೆ. ಆಕೆ ಸಹಿ ಹಾಕುವಲ್ಲಿ ಸಹಿ ಹಾಕಿ, ಟೀ ಬಂದಾಗ ಟೀ ಕುಡಿದು ಮನೆಗೆ ಬರುತ್ತಾಳೆ. ಇದನ್ನು ಕಂಡು ‘ಹೆಂಗಸರಿಗೆ ಅಧಿಕಾರ ಕೊಟ್ಟರೆ ಇಷ್ಟೇ’ ಎನ್ನುವವರಿದ್ದಾರೆ. ಆಕೆಯ ಕೈಯಿಂದ ಕೆಲಸವನ್ನು ಕಿತ್ತುಕೊಂಡವನು ಯಾರೆಂದು ಅವರು ಕೇಳುವುದಿಲ್ಲ. ಸಭೆ ನಡೆಸುವ ಅಭ್ಯಾಸವನ್ನು ಆಕೆಗೆ ಯಾವಾಗ, ಎಲ್ಲಿ ಕೊಟ್ಟಿದ್ದೆವು ಎಂದೂ ಕೇಳುವುದಿಲ್ಲ. ಆ ಅಭ್ಯಾಸ ಸಿಗಬಹುದಾದ ಒಂದೇ ಜಾಗ ನಮ್ಮ ಸಂಘಗಳು.

ಕೆಲಸ ಏನು?

ಹಾಗಾದರೆ ಚೇರ್ ಮಾಡುವವಳು ಮಾಡುವುದೇನು? ಭಾಷಣವಂತೂ ಅಲ್ಲ. ಆ ದಿನ ಏನೇನು ಮಾತಾಡಬೇಕು, ಯಾವುದು ಮೊದಲು ಎಂದು ಎಲ್ಲರನ್ನೂ ಕೇಳಿ ಗೊತ್ತುಮಾಡುವುದು. ಒಬ್ಬರು ಮಾತಾಡುವಾಗ ಇನ್ನೊಬ್ಬರು ನುಗ್ಗದಂತೆ ನೋಡಿಕೊಳ್ಳುವುದು. ಎರಡು ಸಲ ಮಾತಾಡಿದವಳನ್ನು ‘ಸ್ವಲ್ಪ ತಡಿಯಕ್ಕ’ ಎಂದು ನಿಲ್ಲಿಸಿ, ಒಂದು ಸಲವೂ ಮಾತಾಡದವಳ ಕಡೆ ತಿರುಗುವುದು. ದಾರಿ ತಪ್ಪಿದ ಮಾತನ್ನು ಎಳೆದು ತರುವುದು. ಕೊನೆಯಲ್ಲಿ ‘ನಾವು ಈಗ ತೀರ್ಮಾನ ಮಾಡಿದ್ದು ಇದು, ಸರಿಯೇ?’ ಎಂದು ಗಟ್ಟಿಯಾಗಿ ಹೇಳಿ, ಎಲ್ಲರೂ ಹೌದೆಂದ ಮೇಲೆ ಠರಾವು ಪುಸ್ತಕದಲ್ಲಿ ಬರೆಸಿ, ಓದಿಸಿ, ಆಮೇಲೆ ಸಹಿ ಅಥವಾ ಹೆಬ್ಬೆಟ್ಟು ಹಾಕಿಸುವುದು. ಖಾಲಿ ಹಾಳೆಗೆ ಸಹಿ ಮಾಡಿಸುವ ಸಂಘದಲ್ಲಿ ಯಾರೂ ಚೇರ್ ಮಾಡಿಲ್ಲ ಎಂದೇ ಅರ್ಥ, ಎಷ್ಟು ಕುರ್ಚಿ ಹಾಕಿದ್ದರೂ.

ದೊಡ್ಡ ಸಭೆಗಳಿಂದ ನಾವು ಕಲಿಯಬಹುದಾದ ಮೂರು ನಿಯಮಗಳಿವೆ. ಅಲ್ಲಿಯವರು ಅವನ್ನು ಎಷ್ಟು ಪಾಲಿಸುತ್ತಾರೆ ಎಂಬುದು ಟೀವಿಯಲ್ಲಿ ಕಾಣುತ್ತದೆ. ನಿಯಮಗಳು ಮಾತ್ರ ಒಳ್ಳೆಯವು.

ಮೊದಲನೆಯದು, ಲೋಕಸಭೆಯಲ್ಲಾಗಲಿ ವಿಧಾನಸಭೆಯಲ್ಲಾಗಲಿ ಸದಸ್ಯರು ಒಬ್ಬರಿಗೊಬ್ಬರು ನೇರವಾಗಿ ಮಾತಾಡುವಂತಿಲ್ಲ, ‘ಸಭಾಧ್ಯಕ್ಷರೆ’ ಎಂದು ಪೀಠಕ್ಕೆ ಹೇಳಬೇಕು. ಇದು ಬರೀ ಮರ್ಯಾದೆಯ ಮಾತೆಂದು ತಿಳಿಯಬೇಡಿ. ಕಂತು ಕಟ್ಟಿಲ್ಲವೆಂದು ಇಬ್ಬರು ಜಗಳಕ್ಕೆ ನಿಂತಾಗ ‘ನೀನು, ನಿನ್ನಪ್ಪ’ ಎಂಬಲ್ಲಿಗೆ ಮಾತು ಹೋಗುವುದು ಅವರು ಮುಖಕ್ಕೆ ಮುಖ ಕೊಟ್ಟು ನಿಂತಾಗ. ‘ಇಬ್ಬರೂ ನನಗೆ ಹೇಳಿ’ ಎಂದು ಸಭೆ ನಡೆಸುವವಳು ನಡುವೆ ಬಂದರೆ ಅರ್ಧ ಬಿಸಿ ಇಳಿಯುತ್ತದೆ.

ಎರಡನೆಯದು ಸಂವಿಧಾನದ 100ನೇ ವಿಧಿಯಲ್ಲಿದೆ. ಸದನವನ್ನು ನಡೆಸುವವರು ಮೊದಲಿಗೆ ಮತ ಹಾಕುವಂತಿಲ್ಲ. ಎರಡೂ ಕಡೆ ಸಮ ಬಂದಾಗ ಮಾತ್ರ ಅವರ ಮತ. ಅಂದರೆ ಎಲ್ಲರ ಅಭಿಪ್ರಾಯ ಬಂದ ಮೇಲೆ ಕೊನೆಯಲ್ಲಿ ಅವರ ಅಭಿಪ್ರಾಯ. ನಮ್ಮಲ್ಲಿ ನಡೆಯುವುದು ತಿರುಗಾಮುರುಗ. ಪ್ರತಿನಿಧಿ ಮೊದಲೇ ‘ಆ ಸಾಲ ಕೊಡೋದು ಬೇಡ ಅಂತ ನನಗನಿಸ್ತದೆ’ ಎಂದುಬಿಟ್ಟರೆ ಆಮೇಲೆ ಯಾರು ಬಾಯಿ ಬಿಡುತ್ತಾರೆ?

ಮೂರನೆಯದು 96ನೇ ವಿಧಿ. ಸ್ಪೀಕರನ್ನು ತೆಗೆದುಹಾಕುವ ನಿರ್ಣಯ ಚರ್ಚೆಗೆ ಬಂದಾಗ ಅವರು ಸದನದಲ್ಲಿ ಇರಬಹುದು, ಮಾತಾಡಬಹುದು; ಸಭೆ ನಡೆಸುವಂತಿಲ್ಲ. ತನ್ನದೇ ವಿಷಯ ಬಂದಾಗ ಕುರ್ಚಿ ಬಿಟ್ಟು ಇಳಿಯಬೇಕು. ಸಂಘದಲ್ಲಿ ಪ್ರತಿನಿಧಿಯ ಸಾಲ, ಪ್ರತಿನಿಧಿಯ ತಂಗಿಯ ಸಾಲ, ಪ್ರತಿನಿಧಿಯ ಮಗನ ಮೇಲಿನ ದೂರು ಚರ್ಚೆಗೆ ಬಂದ ದಿನ ಸಭೆಯನ್ನು ಬೇರೆಯವರು ನಡೆಸಲಿ. ಈ ಕೊನೆಯದನ್ನು ನೆನಪಿಡಿ. ಸೊಸೆಯನ್ನು ಹಿಂಸಿಸುವ ಅತ್ತೆಯೂ ಎಷ್ಟೋ ಸಲ ಸಂಘದ ಸದಸ್ಯೆಯೇ, ಕೆಲವೊಮ್ಮೆ ಪ್ರತಿನಿಧಿಯೇ ಆಗಿರುತ್ತಾಳೆ.

‘ಇತರೆ ವಿಷಯಗಳು’

ಎಲ್ಲ ಸಭಾ ತಿಳಿವಳಿಕೆ ಪತ್ರಗಳ ಕೊನೆಯ ಸಾಲು ನಿಮಗೆ ಗೊತ್ತು: ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು.’ ನನ್ನ ಮಟ್ಟಿಗೆ ಚೇರ್ ಮಾಡುವುದರ ಪೂರ್ತಿ ಅರ್ಥ ಈ ಒಂದು ಸಾಲಿನಲ್ಲಿದೆ. ಉಳಿತಾಯ, ಸಾಲ, ಕಂತು, ಬಡ್ಡಿ, ಬ್ಯಾಂಕ್ ಲಿಂಕೇಜ್, ಮುಂದಿನ ತಿಂಗಳ ಮೇಳ, ಎಲ್ಲಕ್ಕೂ ಅಂಕಿಯಿದೆ, ಸರದಿಯಿದೆ. ಹೆಣ್ಣಿನ ಮೈಮೇಲಿನ ಬಾಸುಂಡೆಗೆ ಸರದಿಯಿಲ್ಲ. ಅದು ‘ಇತರೆ’. ಅದಕ್ಕೆ ಅಪ್ಪಣೆ ಬೇಕು. ಅದರ ಹೊತ್ತು ಬರುವಷ್ಟರಲ್ಲಿ ಒಬ್ಬಳಿಗೆ ಹಾಲು ಕರೆಯಲು ತಡವಾಗಿರುತ್ತದೆ, ಇನ್ನೊಬ್ಬಳ ಮಗು ಅಳುತ್ತಿರುತ್ತದೆ, ಪುಸ್ತಕ ಬರೆಯುವವಳು ಪುಸ್ತಕ ಮುಚ್ಚಿರುತ್ತಾಳೆ.

ನಾನು ಕುಳಿತಿದ್ದ ಒಂದು ಸಭೆಯಲ್ಲಿ ಒಬ್ಬ ಹೆಣ್ಣುಮಗಳು ಒಂದೂವರೆ ಗಂಟೆ ಸೆರಗನ್ನು ಕುತ್ತಿಗೆಗೆ ಬಿಗಿಯಾಗಿ ಸುತ್ತಿಕೊಂಡು ಕುಳಿತಿದ್ದಳು. ಕಾಲ ಬೇಸಗೆ. ಎಲ್ಲರ ಕಣ್ಣಿಗೂ ಅದು ಬಿದ್ದಿತ್ತು. ಆ ದಿನ ಸಭೆ ನಡೆಸುತ್ತಿದ್ದವಳು ಓದುಬರಹ ಬಾರದ, ಕೂಲಿ ಮಾಡುವ ಹೆಂಗಸು. ಸಾಲದ ಮಾತು ಅರ್ಧಕ್ಕೆ ಬಂದಾಗ ಅವಳು ಪುಸ್ತಕ ಬರೆಯುವವಳಿಗೆ ‘ಲೆಕ್ಕ ಅಲ್ಲಿಗೆ ನಿಲ್ಸವ್ವ, ಅದು ಓಡಿಹೋಗಲ್ಲ’ ಎಂದಳು. ಆಮೇಲೆ ಆ ಹೆಣ್ಣುಮಗಳ ಹೆಸರು ಹಿಡಿದು ಕರೆಯಲಿಲ್ಲ, ‘ಏನಾಯ್ತು’ ಎಂದು ಎಲ್ಲರೆದುರು ಕೇಳಲೂ ಇಲ್ಲ. ‘ಈ ವಾರ ಯಾರ ಮನೇಲಿ ಏನು ಕಷ್ಟ, ಒಬ್ಬೊಬ್ಬರೇ ಹೇಳ್ತಾ ಬನ್ನಿ, ನನ್ನಿಂದಲೇ ಸುರು’ ಎಂದು ತನ್ನ ಮನೆಯ ಮಾತನ್ನು ಮೊದಲು ಹೇಳಿದಳು. ಸರದಿ ಸುತ್ತಿ ಬರುವಷ್ಟರಲ್ಲಿ ಆ ಹೆಣ್ಣುಮಗಳಿಗೆ ಬಾಯಿ ಬಂದಿತ್ತು. ತವರಿನಿಂದ ಬೈಕಿನ ದುಡ್ಡು ತರಲಿಲ್ಲವೆಂದು ಗಂಡ ಕುತ್ತಿಗೆ ಹಿಚುಕಿದ್ದ.

ಯಾವ ತರಬೇತಿಯಲ್ಲೂ ಇದಕ್ಕಿಂತ ಚೆನ್ನಾಗಿ ಚೇರ್ ಮಾಡಿದ್ದನ್ನು ನಾನು ಕಂಡಿಲ್ಲ.

ಬಾಯಿ ಬಂದ ಮೇಲೂ ಸಭೆ ನಡೆಸುವವಳ ಕೆಲಸ ಮುಗಿಯುವುದಿಲ್ಲ. ಆಗ ಎಲ್ಲರೂ ಒಟ್ಟಿಗೆ ಬುದ್ಧಿ ಹೇಳಲು ಶುರುಮಾಡುತ್ತಾರೆ. ‘ಹೊಂದ್ಕೊಂಡು ಹೋಗು’ ಎನ್ನುವವರು ಒಂದು ಕಡೆ, ‘ನಡಿ, ಈಗಲೇ ಸ್ಟೇಷನ್ನಿಗೆ’ ಎನ್ನುವವರು ಇನ್ನೊಂದು ಕಡೆ. ‘ಮೊದಲು ಅವಳಿಗೆ ಏನು ಬೇಕು ಕೇಳೋಣ’ ಎಂದು ಹೇಳಬೇಕಾದವಳು ಸಭೆ ನಡೆಸುವವಳು. ಇಂದು ರಾತ್ರಿ ಅವಳು ಎಲ್ಲಿ ಮಲಗುತ್ತಾಳೆ, ಮಕ್ಕಳು ಎಲ್ಲಿ ಎಂಬುದು ಮೊದಲ ಪ್ರಶ್ನೆ. 181 ಮಹಿಳಾ ಸಹಾಯವಾಣಿಗೆ ಯಾರು ಫೋನು ಮಾಡುವುದು, ಜಿಲ್ಲೆಯ ಸಖಿ ಕೇಂದ್ರಕ್ಕೆ ಯಾರು ಜೊತೆಯಲ್ಲಿ ಹೋಗುವುದು, 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ಸಂರಕ್ಷಣಾಧಿಕಾರಿಯ ಬಳಿ ದೂರು ಕೊಡಲು ಅವಳಿಗೆ ಮನಸ್ಸಿದೆಯೇ ಎಂಬುದು ಆಮೇಲಿನದು. ಠರಾವು ಪುಸ್ತಕದಲ್ಲಿ ಏನು ಬರೆಯಬೇಕು, ಏನು ಬರೆಯಬಾರದು ಎಂಬುದೂ ಅವಳನ್ನು ಕೇಳಿಯೇ ಆಗಬೇಕು. ಆ ಪುಸ್ತಕವನ್ನು ಬ್ಯಾಂಕಿನವರು ನೋಡುತ್ತಾರೆ, ಊರಿನ ಗಂಡಸರೂ ನೋಡುತ್ತಾರೆ. ಸಭೆಯಲ್ಲಿ ಆಡಿದ ಮಾತು ಬಾವಿಕಟ್ಟೆಗೆ ಹೋಗಬಾರದೆಂದು ಎಲ್ಲರಿಂದ ಮಾತು ತೆಗೆದುಕೊಳ್ಳುವುದೂ ಚೇರ್ ಮಾಡುವುದರಲ್ಲಿ ಸೇರಿದೆ.

ಇನ್ನೊಂದು ಮಾತು. ‘ಮಗಳ ಮದುವೆ ಖರ್ಚಿಗೆ’ ಎಂದು ಸಾಲದ ಅರ್ಜಿ ಬರುತ್ತದೆ. ಪುಸ್ತಕದಲ್ಲಿ ಹಾಗೇ ಬರೆದು, ಹಣ ಎಣಿಸಿಕೊಟ್ಟು, ಮುಂದಿನ ವಿಷಯಕ್ಕೆ ಹೋಗುತ್ತೇವೆ. ಆ ಖರ್ಚಿನಲ್ಲಿ ಊಟ ಎಷ್ಟು, ಸೀರೆ ಎಷ್ಟು, ಗಂಡಿನ ಮನೆಗೆ ಎಣಿಸುವುದು ಎಷ್ಟು ಎಂದು ಕೇಳುವವರಾರು? 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಪ್ರಕಾರ ತೆಗೆದುಕೊಳ್ಳುವುದಷ್ಟೇ ಅಲ್ಲ, ಕೊಡುವುದೂ ಅಪರಾಧ. ನಾವು ಹತ್ತು ಹತ್ತು ರೂಪಾಯಿ ಕೂಡಿಸಿದ ಹಣ ಯಾರದೋ ಬೈಕಾಗಿ, ಮುಂದೆ ನಮ್ಮದೇ ಮಗಳ ಕುತ್ತಿಗೆಗೆ ಉರುಳಾಗಿ ಬರಬಾರದು. ಅರ್ಜಿ ಹಾಕಿದ ತಾಯಿಯನ್ನು ಅವಮಾನ ಮಾಡದೆ ಈ ಪ್ರಶ್ನೆ ಕೇಳುವುದು ಕಷ್ಟ. ಅದನ್ನು ಒಬ್ಬಳ ಬಾಯಿಂದ ಬಂದ ಕೊಂಕಾಗಿ ಬಿಡದೆ, ಎಲ್ಲ ಮದುವೆ ಸಾಲಕ್ಕೂ ಕೇಳುವ ಸಂಘದ ಪ್ರಶ್ನೆಯಾಗಿ ಮಾಡಬೇಕು. ಸಭೆ ನಡೆಸುವವಳಿಗೆ ಮಾತ್ರ ಅದು ಸಾಧ್ಯ.

ಇನ್ನುಳಿದ ಇಂಗ್ಲಿಷ್ ಮಾತುಗಳು

‘ಚೇರ್’ ಪದದ ಅಕ್ಕತಂಗಿಯರೂ ಇದ್ದಾರೆ. ‘ಪ್ರಿಸೈಡ್’ ಎಂದರೆ ಲ್ಯಾಟಿನ್ನಿನಲ್ಲಿ ಮುಂದೆ ಕೂರುವುದು. ಪ್ರೆಸಿಡೆಂಟ್ ಎಂಬುದೂ ಅಲ್ಲಿಂದಲೇ ಬಂದದ್ದು. ಇದು ವಿಧ್ಯುಕ್ತ ಮಾತು. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಲ್ಲಿ ಆಂತರಿಕ ಸಮಿತಿಯನ್ನು ನಡೆಸುವವರನ್ನು ‘ಪ್ರಿಸೈಡಿಂಗ್ ಆಫೀಸರ್’ ಎಂದಿದ್ದಾರೆ. ಅವರು ಮಹಿಳೆಯೇ ಆಗಿರಬೇಕೆಂದು ಕಾಯ್ದೆ ಹೇಳುತ್ತದೆ. ಹೆಣ್ಣಿನ ದೂರು ಕೇಳುವ ಸಭೆಯನ್ನು ಯಾರು ನಡೆಸುತ್ತಾರೆ ಎಂಬುದರ ಮೇಲೆ ನ್ಯಾಯ ನಿಂತಿದೆ ಎಂದು ಕಾನೂನೇ ಒಪ್ಪಿಕೊಂಡಂತಾಯಿತು.

‘ಮಾಡರೇಟ್’ ಎಂದರೆ ಮಾತು ಅಳತೆ ಮೀರದಂತೆ ಕಾಯುವುದು. ‘ಫೆಸಿಲಿಟೇಟ್’ ಎಂದರೆ ಸುಲಭ ಮಾಡಿಕೊಡುವುದು. ಕನ್ನಡದಲ್ಲಿ ಇದಕ್ಕೆ ‘ಅನುವುಗಾರಿಕೆ’ ಎಂಬ ಪದ ಮಾಡಿಕೊಂಡಿದ್ದಾರೆ. ಪದ ಚೆನ್ನಾಗಿದೆ. ಆದರೆ ಒಂದು ಎಚ್ಚರ ಬೇಕು. ಅನುವು ಮಾಡಲು ಹೊರಗಿನಿಂದ ಬಂದವರು ‘ನಾನೇನೂ ಅಧ್ಯಕ್ಷೆಯಲ್ಲಮ್ಮ, ನೀವೇ ಮಾತಾಡಿ’ ಎನ್ನುತ್ತಲೇ, ಚಾರ್ಟಿನ ಮೇಲೆ ಏನು ಬರೆಯಬೇಕು, ಏನು ಬಿಡಬೇಕು ಎಂದು ತಾವೇ ತೀರ್ಮಾನಿಸುವುದನ್ನು ನಾವು ಕಂಡಿದ್ದೇವೆ. ಸ್ಕೆಚ್ ಪೆನ್ನು ಯಾರ ಕೈಯಲ್ಲಿದೆಯೋ ಸಭೆ ಅವರದು. ಕಾಣುವ ಕುರ್ಚಿಯನ್ನಾದರೂ ಪ್ರಶ್ನಿಸಬಹುದು, ಕಾಣದ ಕುರ್ಚಿಯನ್ನು ಪ್ರಶ್ನಿಸುವುದು ಕಷ್ಟ.

ನಮ್ಮ ಹಿತ್ತಲ ಗಿಡ

ಕನ್ನಡದಲ್ಲಿ ನಾವು ಬರೆಯುವುದು ‘ಅಧ್ಯಕ್ಷತೆ ವಹಿಸಿದರು’ ಎಂದು. ವಹಿಸುವುದೆಂದರೆ ಹೊರುವುದು. ಇಂಗ್ಲಿಷಿನ ಹಳೆಯ ಅರ್ಥದಲ್ಲಿ ಕುರ್ಚಿಯವನನ್ನು ಜನ ಹೊತ್ತರೆ, ನಮ್ಮಲ್ಲಿ ಅಧ್ಯಕ್ಷರೇ ಭಾರ ಹೊರಬೇಕು. ಅದೂ ಒಳ್ಳೆಯ ಮಾತೇ. ಆದರೆ ಅದು ಆಮಂತ್ರಣ ಪತ್ರಿಕೆಯ ಭಾಷೆಯಾಗಿಬಿಟ್ಟಿದೆ.

ದಿನಬಳಕೆಯಲ್ಲಿ ನಾವು ಆಡುವ ಮಾತು ಬೇರೆ: ‘ಸಭೆ ನಡೆಸಿಕೊಡು.’ ನಡೆಸುವುದೆಂದರೆ ನಡೆಯುವಂತೆ ಮಾಡುವುದು, ಮಗುವಿನ ಕೈಹಿಡಿದು ನಡೆಸಿದ ಹಾಗೆ. ಅದರ ಬೆನ್ನಿಗೆ ‘ಕೊಡು’ ಸೇರಿದರೆ, ತನಗಾಗಿ ಅಲ್ಲ, ಇತರರಿಗಾಗಿ ಎಂದಾಗುತ್ತದೆ. ಓದಿಕೊಡು, ಬರೆದುಕೊಡು, ಬಿಡಿಸಿಕೊಡು ಎಂದ ಹಾಗೆ. ಈ ಮಾತಿನಲ್ಲಿ ಕುರ್ಚಿಯಿಲ್ಲ, ಪತಿಯಿಲ್ಲ, ಗಂಡಸೂ ಇಲ್ಲ. ಹಿತ್ತಲ ಗಿಡ ಮದ್ದಲ್ಲ ಎಂದು ನಾವು ಅದನ್ನು ಬಿಟ್ಟು, ತರಬೇತಿಯವರ ‘ಚೇರ್’ ಹಿಡಿದಿದ್ದೇವೆ. ಇಂಗ್ಲಿಷ್ ಮಾತು ಕಲಿಯಬೇಡಿ ಎಂದು ನನ್ನ ವಾದವಲ್ಲ. ಅಧಿಕಾರಿಗಳು ಅದನ್ನು ಆಡಿದಾಗ ಅರ್ಥವಾಗಬೇಕು, ಬೇಕಾದಾಗ ನಾವೂ ಆಡಬೇಕು. ಆದರೆ ಅದನ್ನು ಕೇಳಿದಾಗ ಮನಸ್ಸಿನಲ್ಲಿ ‘ನಡೆಸಿಕೊಡುವುದು’ ಎಂದು ಅನುವಾದ ಮಾಡಿಕೊಳ್ಳಿ.

ಕೆಲಸವಾದ ಮೇಲೆ ಅದನ್ನು ಎಲ್ಲರೂ ಮಾಡಬೇಕು. ಹಲವು ಸಂಘಗಳಲ್ಲಿ ಪ್ರತಿ ಸಭೆಗೂ ಒಬ್ಬೊಬ್ಬರು ಸರದಿಯಂತೆ ಸಭೆ ನಡೆಸುವ ಪದ್ಧತಿ ಇದೆ. ಎಷ್ಟೋ ಕಡೆ ಅದು ಪುಸ್ತಕದಲ್ಲಷ್ಟೇ ಇದೆ. ಹೆಸರು ಬದಲಾಗುತ್ತದೆ, ನಡೆಸುವವಳು ಬದಲಾಗುವುದಿಲ್ಲ. 15 ಜನರ ಸಂಘ ವಾರಕ್ಕೊಮ್ಮೆ ಸೇರಿದರೆ ವರ್ಷಕ್ಕೆ ಒಬ್ಬೊಬ್ಬಳಿಗೂ ಮೂರು ಸಲ ಸರದಿ ಬರುತ್ತದೆ. ಐದು ವರ್ಷಕ್ಕೆ 15 ಸಲ. 15 ಸಲ ಸಭೆ ನಡೆಸಿಕೊಟ್ಟವಳನ್ನು ಗ್ರಾಮಸಭೆಯಲ್ಲಿ ‘ನೀನು ಕೂತ್ಕೊಳ್ಳಮ್ಮ’ ಎಂದು ಸುಮ್ಮನಾಗಿಸುವುದು ಸುಲಭವಲ್ಲ. ನಾಳೆ ಪಂಚಾಯಿತಿಗೆ ಆರಿಸಿ ಬಂದರೆ ಗಂಡನಿಗೆ ಆ ಕೆಲಸ ಒಪ್ಪಿಸಬೇಕಾದ ಅಗತ್ಯವೂ ಅವಳಿಗೆ ಬರುವುದಿಲ್ಲ.

ಇದಕ್ಕೆ ಆಕ್ಷೇಪಗಳು ಬರುತ್ತವೆ, ನನಗೆ ಗೊತ್ತು. ‘ಎಲ್ಲರಿಗೂ ಓದು ಬರಲ್ಲ’ ಎನ್ನುತ್ತಾರೆ. ಓದುವುದು, ಬರೆಯುವುದು ಪುಸ್ತಕ ಬರೆಯುವವಳ ಕೆಲಸ. ಸಭೆ ನಡೆಸಲು ಬೇಕಾದದ್ದು ಎರಡು ಕಿವಿ, ಎರಡು ಕಣ್ಣು, ಸ್ವಲ್ಪ ಧೈರ್ಯ. ‘ಅವಳಾದರೆ ಬೇಗ ಮುಗಿಸ್ತಾಳೆ’ ಎನ್ನುತ್ತಾರೆ. ಬೇಗ ಮುಗಿಸುವ ಸಭೆಯಲ್ಲೇ ‘ಇತರೆ ವಿಷಯಗಳು’ ಬಿದ್ದುಹೋಗುವುದು. ಇನ್ನೊಂದು ಆಕ್ಷೇಪವನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ, ಅದು ಜಾತಿಯದು. ದಲಿತ ಹೆಣ್ಣುಮಗಳ ಸರದಿ ಬಂದ ವಾರ ಕೆಲವರಿಗೆ ಏಕಾಏಕಿ ನೆಂಟರು ಬರುತ್ತಾರೆ, ಕೆಲವರಿಗೆ ಜ್ವರ ಬರುತ್ತದೆ. ಸರದಿಯ ಪಟ್ಟಿಯನ್ನೂ ಹಾಜರಿಯನ್ನೂ ಒಟ್ಟಿಗೆ ಇಟ್ಟು ನೋಡಿದರೆ ನಿಮ್ಮ ಸಂಘದಲ್ಲಿ ಜಾತಿ ಇದೆಯೋ ಇಲ್ಲವೋ ತಿಳಿಯುತ್ತದೆ. ಗಂಡಿನ ದಬ್ಬಾಳಿಕೆಯನ್ನು ವಿರೋಧಿಸುವ ನಾವು ನಮ್ಮೊಳಗಿನ ಮೇಲುಕೀಳನ್ನು ಪೋಷಿಸುತ್ತ ಕುಳಿತರೆ ನಮ್ಮ ಮಾತಿಗೆ ಬೆಲೆ ಬರುವುದು ಹೇಗೆ?

ನನ್ನ ಸಲಹೆ ಇಷ್ಟೇ. ಮುಂದಿನ ಸಭೆಯ ವಿಷಯಪಟ್ಟಿ ಬರೆಯುವಾಗ ಮೊದಲ ಸಾಲಿನಲ್ಲಿ, ಉಳಿತಾಯಕ್ಕೂ ಸಾಲಕ್ಕೂ ಮೊದಲು, ‘ಸದಸ್ಯರ ಸುಖ ದುಃಖ’ ಎಂದು ಬರೆಸಿ. ಅದಕ್ಕೆ ಅರ್ಧ ಗಂಟೆ ತೆಗೆದಿಡಿ, ಯಾರ ಅಪ್ಪಣೆಯೂ ಬೇಡ. ಈವರೆಗೆ ಒಮ್ಮೆಯೂ ಸಭೆ ನಡೆಸದವಳು ಯಾರೆಂದು ಹುಡುಕಿ, ಆ ದಿನದ ಸಭೆಯನ್ನು ಆಕೆಯೇ ನಡೆಸಿಕೊಡುವಂತೆ ಕೇಳಿಕೊಳ್ಳಿ. ಪಕ್ಕದಲ್ಲಿ ಕುಳಿತು ಸಹಾಯ ಮಾಡಿ, ಆದರೆ ಅವಳ ಬಾಯಿಂದ ಮಾತು ಕಿತ್ತುಕೊಳ್ಳಬೇಡಿ. ಆ ಅರ್ಧ ಗಂಟೆಯಲ್ಲಿ ಏನೇನು ಹೊರಬಂತು, ನಿಮ್ಮ ಸಂಘ ಅದಕ್ಕೆ ಏನು ಮಾಡಿತು ಎಂದು ಹೆಸರು, ಊರು ಹಾಕದೆ ಪತ್ರಿಕೆಗೆ ಬರೆದು ಕಳಿಸಿ.